ಕಾಲಾ ಘೋಡಾದ ಅಸ್ಸೀರಿಯಾ ಕಲ್ಲುಗಳು: ಬೈಬಲ್ ಕಥೆಗಳನ್ನು ಒರೆಗೆ ಹಚ್ಚಲು ಎಷ್ಟು ಉಪಯೋಗ?

ಮುಂಬೈಯ ಕಾಲಾ ಘೋಡಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಐಹೊಳೆಯ ಛಾವಣಿ ಫಲಕ, ಚಿಕಣಿ ಚಿತ್ರ, ಟಾಟಾ ಸಂಗ್ರಹ ಇಷ್ಟನ್ನು ನೋಡಿ ಹೊರಬೀಳುತ್ತಾರೆ. ಅದೇ ಕಟ್ಟಡದಲ್ಲಿ ಇರಾಕಿನ ನಿಮ್ರುದ್‌ನಿಂದ ಬಂದ, ಪ್ರಾಚೀನ ಅಸ್ಸೀರಿಯಾ ಸಾಮ್ರಾಜ್ಯದ ಅರಮನೆಯ ಗೋಡೆ ಹಲಗೆಗಳಿವೆ. ಬೈಬಲ್ ಕಥೆಗಳು ಚರಿತ್ರೆಯೋ ಕಟ್ಟುಕಥೆಯೋ ಎಂದು ವಾದ ಮಾಡುವವರು ಮುಂಬೈಯಲ್ಲೇ ಮುಖಾಮುಖಿ ನೋಡಬಹುದಾದ ಅತ್ಯಂತ ಹತ್ತಿರದ ಸಾಕ್ಷಿ ಇವು. ಈ ವಿಮರ್ಶೆ ಇಡೀ ಮ್ಯೂಸಿಯಂ ಬಗ್ಗೆ ಅಲ್ಲ. ಅರ್ಧ ದಿನ ಕೊಟ್ಟು ಹೋದರೆ ಈ ಒಂದು ಕೆಲಸಕ್ಕೆ ಅದು ಎಷ್ಟು ಒದಗುತ್ತದೆ ಅನ್ನುವಷ್ಟೇ ಇಲ್ಲಿನ ಪ್ರಶ್ನೆ. ಮೊದಲೇ ಹೇಳಿಬಿಡುವುದಾದರೆ, ಬರಿಗೈಯಲ್ಲಿ ಹೋದರೆ ಏನೂ ಸಿಗುವುದಿಲ್ಲ. ತಯಾರಿ ಮಾಡಿಕೊಂಡು ಹೋದರೆ ಐದಕ್ಕೆ ನಾಲ್ಕು ಅಂಕ.

ತಯಾರಿ ಅಂದರೆ ಮೂರು ವಸ್ತು. ಒಂದು ಕನ್ನಡ ಸತ್ಯವೇದ, ಅಂದರೆ ಬೈಬಲ್, ಅದರಲ್ಲಿ ಅರಸುಗಳು ಎರಡನೆಯ ಭಾಗದ 9, 18 ಮತ್ತು 19ನೇ ಅಧ್ಯಾಯಗಳಿಗೆ ಗುರುತು ಚೀಟಿ. ಎರಡನೆಯದು ಚಾರ್ಜ್ ಇರುವ ಫೋನು, ಅದರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದ ಪುಟ. ಅದು ಉಚಿತ, ವಸ್ತುವಿನ ಸಂಖ್ಯೆ ಹೊಡೆದರೆ ಚಿತ್ರ ಬರುತ್ತದೆ. 118885, 118884, 91032, 124911, 90920 ಈ ಐದು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಒಂದೊಂದೂ ಯಾವುದು ಅನ್ನುವುದು ಮುಂದೆ ಬರುತ್ತದೆ. ಚಿತ್ರಗಳನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಒಳ್ಳೆಯದು, ಹಳೆಯ ದಪ್ಪ ಗೋಡೆಯ ಕಟ್ಟಡದೊಳಗೆ ನೆಟ್‌ವರ್ಕನ್ನು ನಂಬಬೇಡಿ. ಮೂರನೆಯದು ಒಂದು ಹಾಳೆ ಮತ್ತು ಪೆನ್ಸಿಲ್. ಹಾಳೆಯಲ್ಲಿ ಮೂರು ಕಾಲಂ ಗೀಚಿ: ಘಟನೆ ನಡೆದದ್ದೆಂದು ಹೇಳುವ ಕಾಲ, ಅದನ್ನು ಬರೆದಿಟ್ಟ ಕಾಲ, ಹೊರಗಿನ ಸಾಕ್ಷಿಯ ಕಾಲ. ಒಂದೊಂದು ಕಥೆಯನ್ನೂ ಈ ಮೂರರಲ್ಲಿ ಕೂರಿಸಿದರೆ ಅರ್ಧ ವಾದ ತಾನಾಗಿ ತೀರುತ್ತದೆ.

ಚರ್ಚ್‌ಗೇಟಿನಿಂದ ನಡೆದೇ ಹೋಗಬಹುದು, ಮೆಟ್ರೋದಲ್ಲಿ ಬರುವವರಿಗೆ ಹುತಾತ್ಮಾ ಚೌಕ ಹತ್ತಿರ. ಪ್ರದರ್ಶನಗಳಿಗಾಗಿ ಮ್ಯೂಸಿಯಂಗಳಲ್ಲಿ ವಸ್ತುಗಳ ಜಾಗ ಬದಲಾಗುತ್ತಿರುತ್ತದೆ, ಆದ್ದರಿಂದ ಅಸ್ಸೀರಿಯಾ ಹಲಗೆಗಳು ಎಲ್ಲಿವೆ ಎಂದು ಟಿಕೆಟ್ ಕೌಂಟರಿನಲ್ಲೇ ಕೇಳಿ. ಕನ್ನಡದಲ್ಲಿ ವಿವರಣೆ ಇರುವುದಿಲ್ಲ. ಜೊತೆಗೆ ಹಿರಿಯರಿದ್ದರೆ ಇಂಗ್ಲಿಷಿನ ‘ಸೆನ್ನಾಕೆರಿಬ್’ ಅಂದರೆ ನಮ್ಮ ಸತ್ಯವೇದದ ಸನ್ಹೇರೀಬ, ಅಸ್ಸೀರಿಯಾದ ಅರಸ, ‘ಸೈರಸ್’ ಅಂದರೆ ಕೋರೆಷ, ಪರ್ಷಿಯಾದ ಅರಸ ಎಂದು ಹಾಳೆಯ ಹಿಂಬದಿಯಲ್ಲಿ ಬರೆದುಕೊಡಿ.

ಇನ್ನು ಕಲ್ಲುಗಳು. ಇವು ಜಿಪ್ಸಂ ಜಾತಿಯ ಮೆತ್ತನೆಯ ಕಲ್ಲು, ಉಗುರಿನಿಂದಲೂ ಗೀರು ಬೀಳುತ್ತದೆ, ಹಾಗಾಗಿ ಮಕ್ಕಳ ಕೈ ಹಿಡಿದುಕೊಳ್ಳಿ. ಎದುರಿಗೆ ನಿಂತು ನೋಡಿದರೆ ಚಿತ್ರ ಸಪ್ಪೆ ಕಾಣುತ್ತದೆ. ಎರಡು ಹೆಜ್ಜೆ ಬದಿಗೆ ಸರಿದು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಗಡ್ಡದ ಸುರುಳಿ, ರೆಕ್ಕೆಯ ಒಂದೊಂದು ಗರಿ, ಬಟ್ಟೆಯ ಅಂಚಿನ ಕುಚ್ಚು ಎದ್ದು ಬರುತ್ತವೆ. ನಿಮ್ರುದ್‌ನ ವಾಯವ್ಯ ಅರಮನೆ ಕ್ರಿ.ಪೂ. 883ರಿಂದ 859ರವರೆಗೆ ಆಳಿದ ಎರಡನೇ ಅಶೂರ್‌ನಾಸಿರ್‌ಪಾಲನದು. ಅದರ ಗೋಡೆಗಳ ತುಂಬ ರೆಕ್ಕೆಯ ಆಕೃತಿಗಳು: ಒಂದು ಕೈಯಲ್ಲಿ ಪುಟ್ಟ ಬಕೆಟ್ಟು, ಇನ್ನೊಂದರಲ್ಲಿ ದೇವದಾರು ಕಾಯಿಯಂಥದ್ದು. ಕೆಲವಕ್ಕೆ ಮನುಷ್ಯನ ತಲೆ, ಕೆಲವಕ್ಕೆ ಹದ್ದಿನ ತಲೆ.

ಸಂದೇಹದ ಪಾಠ ಶುರುವಾಗುವುದು ಇಲ್ಲೇ. ಇಂಥ ಕಲ್ಲಿನ ಮುಂದೆ ನಿಂತು ‘ಇವರು ಬೈಬಲ್ಲಿನ ದೇವದೂತರು’ ಎಂದು ಹೇಳಿ ಮುಂದೆ ಹೋಗುವ ಖಾಸಗಿ ಗೈಡುಗಳಿದ್ದಾರೆ. ಅಲ್ಲ. ಇವು ಅರಸನನ್ನೂ ಅರಮನೆಯನ್ನೂ ಕೆಡುಕಿನಿಂದ ಕಾಯುವ ಮೆಸೊಪೊಟೇಮಿಯಾದ ರಕ್ಷಕ ಶಕ್ತಿಗಳು. ಬಕೆಟ್ಟು ಮತ್ತು ಕಾಯಿ ಶುದ್ಧೀಕರಣದ ವಿಧಿಯ ಸಾಮಗ್ರಿ. ಗೈಡುಗಳನ್ನು ಬೈದು ಪ್ರಯೋಜನವಿಲ್ಲ, ದೊಡ್ಡವರೇ ಈ ಬಲೆಗೆ ಬಿದ್ದಿದ್ದಾರೆ. ನಿಮ್ರುದ್ ಅಗೆದ ಇಂಗ್ಲಿಷ್ ಪುರಾತತ್ವಜ್ಞ ಲೇಯಾರ್ಡ್ ಹದ್ದುತಲೆಯ ಆಕೃತಿಯನ್ನು ನೋಡಿ, ಅರಸುಗಳು ಎರಡನೆಯ ಭಾಗ 19:37ರಲ್ಲಿ (19ನೇ ಅಧ್ಯಾಯ, 37ನೇ ವಚನ) ಬರುವ ನಿಸ್ರೋಕನೆಂಬ ದೇವರು ಇವನೇ ಇರಬೇಕು ಅಂದುಕೊಂಡ. ಆಮೇಲೆ ಸಾವಿರಾರು ಅಸ್ಸೀರಿಯಾ ಲೇಖಗಳನ್ನು ಓದಿ ಆಯಿತು, ನಿಸ್ರೋಕ ಎಂಬ ಹೆಸರಿನ ದೇವರು ಒಂದರಲ್ಲೂ ಇಲ್ಲ. ನಿನುರ್ತ ಅಥವಾ ನುಸ್ಕು ಎಂಬ ದೇವರ ಹೆಸರು ನಕಲು ಮಾಡುವವರ ಕೈಯಲ್ಲಿ ಕೆಟ್ಟು ಹೀಗಾಗಿರಬೇಕು ಎಂಬುದು ವಿದ್ವಾಂಸರ ಊಹೆ. ಕೈಯಲ್ಲಿ ಬೈಬಲ್ ಹಿಡಿದು ಅಗೆದವನಿಗೆ ಕಲ್ಲಿನಲ್ಲೂ ಬೈಬಲ್ಲೇ ಕಂಡಿತು.

ಈ ಅರಮನೆ ಕಟ್ಟಿಸಿದ ಅರಸನ ಹೆಸರು ಬೈಬಲ್ಲಿನಲ್ಲಿ ಎಲ್ಲೂ ಬರುವುದಿಲ್ಲ. ಊರು ಮಾತ್ರ ಆದಿಕಾಂಡ 10ರಲ್ಲಿ ಕೆಲಹ ಎಂದು ಬರುತ್ತದೆ. ಅಂದರೆ ಕಾಲಾ ಘೋಡಾದ ಹಲಗೆಗಳು ಯಾವ ಬೈಬಲ್ ಕಥೆಯನ್ನೂ ನೇರವಾಗಿ ರುಜುವಾತು ಮಾಡುವುದಿಲ್ಲ, ಸುಳ್ಳೂ ಮಾಡುವುದಿಲ್ಲ. ಅವು ತೋರಿಸುವುದು ಅಸ್ಸೀರಿಯಾದ ಅರಸರು ಹೇಗೆ ಮಾತಾಡುತ್ತಿದ್ದರು ಅನ್ನುವುದನ್ನು. ವಾಯವ್ಯ ಅರಮನೆಯ ಹಲಗೆಗಳ ಮೇಲೆ ಒಂದೇ ಒಕ್ಕಣೆಯ ಶಾಸನ ಮತ್ತೆ ಮತ್ತೆ ಕೊರೆದಿದೆ, ಕೆಲವೆಡೆ ಆಕೃತಿಯ ಮೈಮೇಲೇ ಹಾದುಹೋಗುತ್ತದೆ: ನಾನು ಮಹಾ ಅರಸ, ಜಗತ್ತಿನ ಅರಸ, ಇಷ್ಟು ನಾಡು ಗೆದ್ದೆ, ಈ ಊರು ಕಟ್ಟಿದೆ. ಊರು ಕಟ್ಟಿದ ಸಂಭ್ರಮಕ್ಕೆ 10 ದಿನ 69,574 ಜನರಿಗೆ ಊಟ ಹಾಕಿದೆ ಎಂದು ಅದೇ ಅರಸ ಇನ್ನೊಂದು ಕಲ್ಲಿನಲ್ಲಿ ಬರೆಸಿದ್ದಾನೆ. ಒಂದೊಂದು ತಲೆಯನ್ನೂ ಎಣಿಸಿದಂತೆ ಕಾಣುವ ಅಂಕಿ. ಬಿಡಿ ಸಂಖ್ಯೆ ಕೊಟ್ಟ ಮಾತ್ರಕ್ಕೆ ಲೆಕ್ಕ ಇಟ್ಟಿದ್ದರು ಎಂದಾಗುವುದಿಲ್ಲ. ಬೈಬಲ್ಲಿನ ಅರಣ್ಯಕಾಂಡ ಎಂಬ ಪುಸ್ತಕದ 6,03,550 ಗಂಡಸರ ಲೆಕ್ಕಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ಈಗ ಫೋನು ತೆಗೆಯುವ ಹೊತ್ತು. 118885 ಹೊಡೆಯಿರಿ. ಬರುವುದು ಸುಮಾರು ಎರಡು ಮೀಟರ್ ಎತ್ತರದ ಕಪ್ಪು ಕಂಬ, ಲೇಯಾರ್ಡ್ 1846ರಲ್ಲಿ ನಿಮ್ರುದ್‌ನಲ್ಲೇ ತೆಗೆದದ್ದು. ಮುಂಬೈಯವರಿಗೆ ಇದರಲ್ಲಿ ಒಂದು ಹಕ್ಕು ಇದೆ. ನಿಮ್ರುದ್‌ನ ಮಾಲು ಟೈಗ್ರಿಸ್ ನದಿಯಲ್ಲಿ ಗಾಳಿ ತುಂಬಿದ ಚರ್ಮದ ಚೀಲಗಳ ತೆಪ್ಪದ ಮೇಲೆ ಬಸ್ರಾಕ್ಕೆ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ, ಮುಂಬೈಯಿಂದ ಲಂಡನ್ನಿಗೆ ಹೋಗುತ್ತಿತ್ತು. ಸೂಯೆಜ್ ಕಾಲುವೆ ಇನ್ನೂ ಇರಲಿಲ್ಲ. ಈ ಕಂಬವೂ ನಮ್ಮ ಬಂದರು ದಾಟಿಯೇ ಹೋದದ್ದು. ಹಾಗೆ ಬಂದ ಹಲಗೆಗಳಲ್ಲಿ ಕೆಲವು ಇಲ್ಲೇ ಉಳಿದವು, ಈಗ ಎದುರಿಗಿರುವುದು ಅವೇ.

ಕಂಬದ ಮೇಲಿನಿಂದ ಎರಡನೇ ಸಾಲನ್ನು ದೊಡ್ಡದು ಮಾಡಿ ನೋಡಿ. ಅಸ್ಸೀರಿಯಾದ ಅರಸ ಮೂರನೇ ಶಲ್ಮನೆಸೆರನ ಮುಂದೆ ಒಬ್ಬ ಮೊಣಕೈ, ಮಂಡಿ ಊರಿ ನೆಲಕ್ಕೆ ಹಣೆ ಹಚ್ಚಿದ್ದಾನೆ. ಬರಹ ಅವನನ್ನು ‘ಒಮ್ರಿಯ ಮಗ ಯೇಹು’ ಅನ್ನುತ್ತದೆ, ಬೆಳ್ಳಿ, ಚಿನ್ನ, ತವರ ಕಪ್ಪ ಕೊಟ್ಟ ಎನ್ನುತ್ತದೆ. ಕ್ರಿ.ಪೂ. 841. ಬೈಬಲ್ಲಿನಲ್ಲಿ ಹೆಸರಿರುವ ಇಸ್ರಾಯೇಲಿನ ಅರಸನೊಬ್ಬನ ಸಮಕಾಲೀನ ಚಿತ್ರ ಸಿಕ್ಕಿರುವುದು ಇದೊಂದೇ. ನಂಬುವವರು ಇಲ್ಲಿ ಕುಣಿಯುತ್ತಾರೆ, ಆದರೆ ಸತ್ಯವೇದ ತೆರೆದು ತಾಳೆ ನೋಡಿದರೆ ವಿಷಯ ಅಷ್ಟು ಸಲೀಸಲ್ಲ. ಬೈಬಲ್ ಪ್ರಕಾರ ಯೇಹು ಇಸ್ರಾಯೇಲಿನ ಹಿಂದಿನ ಅರಸ ಒಮ್ರಿಯ ಮಗನಲ್ಲ, ಒಮ್ರಿಯ ವಂಶವನ್ನೇ ನಿರ್ನಾಮ ಮಾಡಿದವನು. ಅಸ್ಸೀರಿಯಾದವರಿಗೆ ಆ ರಾಜ್ಯದ ಹೆಸರೇ ‘ಒಮ್ರಿಯ ಮನೆ’, ಹಾಗಾಗಿ ಅಲ್ಲಿನ ಅರಸನೆಲ್ಲ ಅವರ ಬಾಯಲ್ಲಿ ಒಮ್ರಿಯ ಮಗ. ಬೈಬಲ್ ಯೇಹುವಿನ ಕಥೆಯನ್ನು ರಕ್ತ ಹರಿಯುವ ಹಾಗೆ ಹೇಳುತ್ತದೆ, ಆದರೆ ಈ ಅಡ್ಡಬೀಳುವಿಕೆಯ ಬಗ್ಗೆ ಒಂದಕ್ಷರ ಇಲ್ಲ. ಇನ್ನೂ ತೊಡಕಿನದು, ಇಸ್ರಾಯೇಲಿನ ಯೋರಾಮ ಮತ್ತು ಯೆಹೂದದ ಅಹಜ್ಯ ಎಂಬ ಇಬ್ಬರು ಅರಸರನ್ನು ಯೇಹು ಕೊಂದ ಎಂದು 9ನೇ ಅಧ್ಯಾಯ ಹೇಳಿದರೆ, ಈಗಿನ ಇಸ್ರೇಲಿನ ಟೆಲ್ ದಾನ್‌ನಲ್ಲಿ 1993 ಮತ್ತು 1994ರಲ್ಲಿ ಸಿಕ್ಕ ಅರಾಮಿಕ್ ಶಾಸನದ ತುಂಡುಗಳಲ್ಲಿ ದಮಸ್ಕದ ಅರಸ, ಬಹುಶಃ ಹಜಾಯೇಲ, ಅವರನ್ನು ಕೊಂದದ್ದು ತಾನೇ ಎನ್ನುತ್ತಾನೆ. ಅದೇ ಶಾಸನದಲ್ಲಿ ‘ದಾವೀದನ ಮನೆ’ ಎಂಬ ಮಾತೂ ಇದೆ. ದಾವೀದ ಎಂಬವನ ಹೆಸರಿನ ರಾಜವಂಶ ಇತ್ತು ಎನ್ನಲು ಅದು ಸಾಕು. ಗೊಲ್ಯಾತನನ್ನು ಕೆಡವಿದ ಕವಣೆ ಕಲ್ಲಿಗೆ ಸಾಕ್ಷಿ ಅಲ್ಲ.

118884 ಶಲ್ಮನೆಸೆರನದೇ ಇನ್ನೊಂದು ಶಾಸನದ ಕಲ್ಲು, ಅದರ ಯುದ್ಧ ಯೇಹುವಿನ ಕಪ್ಪಕ್ಕಿಂತ 12 ವರ್ಷ ಹಿಂದಿನದು. ಕ್ರಿ.ಪೂ. 853ರಲ್ಲಿ ತನ್ನ ವಿರುದ್ಧ ಅರಸರ ಕೂಟವೊಂದು ಹೂಡಿದ ಕರ್ಕರ್ ಯುದ್ಧಕ್ಕೆ ಇಸ್ರಾಯೇಲಿನ ಅರಸ ಅಹಾಬ 2,000 ರಥ, 10,000 ಕಾಲಾಳು ತಂದ ಎಂದು ಆ ಕಲ್ಲು ಹೇಳುತ್ತದೆ. ಬೈಬಲ್ಲಿಗೆ ಆ ಯುದ್ಧವೇ ಗೊತ್ತಿಲ್ಲ. ಅಹಾಬನ ಪುಟಗಳೆಲ್ಲ ಎಲೀಯ, ಈಜೆಬೆಲ್, ನಾಬೋತನ ದ್ರಾಕ್ಷಿತೋಟಕ್ಕೆ ಖರ್ಚಾಗಿವೆ. ಅತ್ತ ಶಲ್ಮನೆಸೆರ ಗೆದ್ದೆ ಎಂದು ಬರೆಸಿದ್ದರೂ ಅದೇ ಕೂಟದ ಮೇಲೆ 849, 848, 845ರಲ್ಲಿ ಮತ್ತೆ ಮತ್ತೆ ಏರಿ ಹೋಗಬೇಕಾಯಿತು. ಗೆಲುವು ಎಂಥದ್ದಿತ್ತು ಎಂದು ಅದೇ ಹೇಳುತ್ತದೆ.

ಈ ಇಸವಿಗಳನ್ನು ಇಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ ಎಂದು ಜೊತೆಯಲ್ಲಿದ್ದವರು ಖಂಡಿತ ಕೇಳುತ್ತಾರೆ. ಅಸ್ಸೀರಿಯಾದಲ್ಲಿ ಪ್ರತಿ ವರ್ಷಕ್ಕೂ ಒಬ್ಬ ಅಧಿಕಾರಿಯ ಹೆಸರಿಡುವ ಪದ್ಧತಿ ಇತ್ತು. ಆ ಪಟ್ಟಿಯಲ್ಲಿ ಒಂದು ವರ್ಷಕ್ಕೆ ಸೂರ್ಯಗ್ರಹಣ ದಾಖಲಾಗಿದೆ, ಖಗೋಳ ಗಣಿತದಲ್ಲಿ ಅದು ಕ್ರಿ.ಪೂ. 763ರ ಜೂನ್ 15ಕ್ಕೆ ಕೂರುತ್ತದೆ. ಆ ಒಂದು ಗೂಟದಿಂದ ಹಿಂದಕ್ಕೂ ಮುಂದಕ್ಕೂ ಎಣಿಸುತ್ತಾರೆ. ಬೈಬಲ್ಲಿನ ಅರಸರ ಇಸವಿಗಳೂ ಕಟ್ಟಿರುವುದು ಇದೇ ಗೂಟಕ್ಕೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಸನ್ಹೇರೀಬನಿಗೆ. ಒಂದೇ ದಂಡಯಾತ್ರೆಗೆ ಎರಡೂ ಕಡೆಯ ಬರಹ, ಚಿತ್ರ, ಅಗೆದ ಮಣ್ಣು ಎಲ್ಲ ಸಿಗುವುದು ಅಪರೂಪ. ಒಂದು ಬೆಂಚು ಹಿಡಿದು ಕೂತು 18ನೇ ಅಧ್ಯಾಯದ 13ನೇ ವಚನದಿಂದ ಓದಿ, ಪಕ್ಕದಲ್ಲಿ 91032 ತೆರೆದಿಡಿ. ಅದು ಆರು ಮುಖದ ಜೇಡಿಮಣ್ಣಿನ ಪಟ್ಟಕ, ಸುಮಾರು 38 ಸೆಂ.ಮೀ. ಎತ್ತರ. ಸನ್ಹೇರೀಬ ಅದರಲ್ಲಿ ಹೇಳುವುದು: ಯೆಹೂದದ ಅರಸ ಹಿಜ್ಕೀಯನ 46 ಕೋಟೆ ಊರುಗಳನ್ನು ಹಿಡಿದೆ, 2,00,150 ಜನರನ್ನು ಹೊರಗೆಳೆದೆ, ಅವನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆ, ಅವನು 30 ತಲಾಂತು (ಆ ಕಾಲದ ತೂಕದ ಅಳತೆ) ಚಿನ್ನ, 800 ತಲಾಂತು ಬೆಳ್ಳಿ ಕಳಿಸಿದ. ಸತ್ಯವೇದದ 14ನೇ ವಚನ: 30 ತಲಾಂತು ಚಿನ್ನ, 300 ತಲಾಂತು ಬೆಳ್ಳಿ. ಚಿನ್ನ ಪೈಸೆ ಪೈಸೆ ಹೊಂದುತ್ತದೆ, ಬೆಳ್ಳಿಯಲ್ಲಿ 500 ತಲಾಂತಿನ ವ್ಯತ್ಯಾಸ. ಕಪ್ಪ ಕೊಟ್ಟದ್ದು ನಿಜ ಎಂದು ಧೈರ್ಯವಾಗಿ ಹೇಳಬಹುದು. ಪಟ್ಟಕದಲ್ಲಿ ಯೆರೂಸಲೇಮನ್ನು ಹಿಡಿದೆ ಎಂಬ ಮಾತೇ ಇಲ್ಲ ಅನ್ನುವುದೂ ಗಮನಿಸಬೇಕಾದದ್ದು. ಹಿಡಿದಿದ್ದರೆ ಈ ಮಹಾರಾಯ ಬರೆಸದೆ ಬಿಡುತ್ತಿದ್ದನೇ? ನಗರ ಉಳಿಯಿತು ಎಂಬಲ್ಲಿ ಬೈಬಲ್ ಸರಿ. ಯಾಕೆ ಉಳಿಯಿತು ಅನ್ನುವಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಒಂದೇ ರಾತ್ರಿ ದೇವದೂತ 1,85,000 ಸೈನಿಕರನ್ನು ಕೊಂದ ಎಂದು 19:35. ಪಟ್ಟಕದಲ್ಲಿ ಅದರ ಸುಳಿವಿಲ್ಲ. ಮಾರನೇ ವರ್ಷವೇ ಬಾಬಿಲೋನಿನ ಮೇಲೆ ದಂಡೆತ್ತಿ ಹೋದ ಸಾಮ್ರಾಜ್ಯಕ್ಕೆ ಅಷ್ಟು ಸೈನ್ಯ ಕಳೆದುಕೊಂಡ ಲಕ್ಷಣ ಇಲ್ಲ.

124911 ಯೆಹೂದದ ಕೋಟೆ ಊರು ಲಾಕೀಷ್‌ನ ಮುತ್ತಿಗೆಯ ಚಿತ್ರಸಾಲಿನ ಒಂದು ಹಲಗೆ. ಸನ್ಹೇರೀಬ ಸಿಂಹಾಸನದ ಮೇಲೆ ಕೂತಿದ್ದಾನೆ, ಕೊಳ್ಳೆ ಅವನ ಮುಂದೆ ಸಾಗುತ್ತಿದೆ, ಮೇಲೆ ಬರಹದಲ್ಲಿ ಊರಿನ ಹೆಸರು. ಅವನ ಮುಖವನ್ನು ಯಾರೋ ಆಮೇಲೆ ಕುಕ್ಕಿ ಹಾಳುಮಾಡಿದ್ದಾರೆ. ಅವನ ರಾಜಧಾನಿ ನಿನೆವೆಯ ಅರಮನೆಯಲ್ಲಿ ಒಂದು ಇಡೀ ಕೋಣೆ ಈ ಗೆಲುವಿಗೆ ಮೀಸಲಾಗಿತ್ತು, ಆದರೆ ಪಟ್ಟಕದಲ್ಲಿ ಲಾಕೀಷ್ ಹೆಸರೇ ಇಲ್ಲ, ಬೈಬಲ್ಲಿನಲ್ಲೂ ಬರೀ ಹಾದುಹೋಗುವ ಉಲ್ಲೇಖ. ಅದನ್ನು ಕೈಗೆ ಸಿಗುವಂತೆ ಮಾಡಿದ್ದು ಅಗೆತ. ಲಾಕೀಷ್ ಇದ್ದ ದಿಬ್ಬದ ನೈಋತ್ಯ ಮೂಲೆಯಲ್ಲಿ ಮುತ್ತಿಗೆಗಾಗಿ ಕಲ್ಲು ಸುರಿದು ಮಾಡಿದ ಇಳಿಜಾರು, ನೂರಾರು ಬಾಣದ ಮೊನೆಗಳು ಸಿಕ್ಕಿವೆ. ಸಾಕ್ಷಿ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಡೆ ಸೇರುವುದು ಅಂದರೆ ಇದು.

ಇಸವಿಯ ತೊಡಕು ಎರಡಿದೆ. 18:10ರ ಪ್ರಕಾರ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬಿದ್ದದ್ದು ಹಿಜ್ಕೀಯನ 6ನೇ ವರ್ಷದಲ್ಲಿ, ಅಂದರೆ ಕ್ರಿ.ಪೂ. 722ರ ಹೊತ್ತಿಗೆ. 18:13ರ ಪ್ರಕಾರ ಸನ್ಹೇರೀಬ ಬಂದದ್ದು 14ನೇ ವರ್ಷ. ಕೂಡಿಸಿ ಕಳೆದರೆ 714 ಬರಬೇಕು, ಆದರೆ ಅಸ್ಸೀರಿಯಾದ ದಾಖಲೆಯಲ್ಲಿ ಅದು 701. ಹದಿಮೂರು ವರ್ಷ ಎಲ್ಲಿ ಹೋಯಿತು ಎಂಬುದಕ್ಕೆ ವಿದ್ವಾಂಸರು ಹತ್ತು ಹೊಂದಾಣಿಕೆ ಕಟ್ಟಿದ್ದಾರೆ, ಎಲ್ಲರೂ ಒಪ್ಪಿದ್ದು ಒಂದೂ ಇಲ್ಲ. ಎರಡನೆಯದು, ಸನ್ಹೇರೀಬ ನಿನೆವೆಗೆ ಮರಳಿದ, ಮಕ್ಕಳ ಕೈಯಲ್ಲಿ ಸತ್ತ ಎಂದು 19ನೇ ಅಧ್ಯಾಯ ಒಂದೇ ಉಸಿರಿನಲ್ಲಿ ಹೇಳುತ್ತದೆ. ಮಗನ ಕೈಯಲ್ಲಿ ಸತ್ತದ್ದು ನಿಜ, ಬಾಬಿಲೋನಿನ ವೃತ್ತಾಂತವೂ ಅದನ್ನೇ ಹೇಳುತ್ತದೆ. ಆದರೆ ಅದು 681ರಲ್ಲಿ, ಇಪ್ಪತ್ತು ವರ್ಷ ಕಳೆದ ಮೇಲೆ. ನಡುವಿನ ಇಪ್ಪತ್ತು ವರ್ಷ ಎತ್ತಿಬಿಟ್ಟರೆ ಸಾವು ಶಿಕ್ಷೆಯಂತೆ ಕಾಣುತ್ತದೆ. ಹೆಸರು, ಘಟನೆ ಎರಡೂ ನಿಜವಿದ್ದೂ ಜೋಡಣೆ ಬೇರೆ ಕಥೆ ಹೇಳುವುದು ಹೀಗೆ. ‘ಆ ಅರಸ ಇದ್ದ, ಆದ್ದರಿಂದ ಕಥೆ ನಿಜ’ ಎನ್ನುವವರೂ ‘ಪವಾಡ ಸುಳ್ಳು, ಆದ್ದರಿಂದ ಅರಸನೂ ಸುಳ್ಳು’ ಎನ್ನುವವರೂ ಎಡವುವುದು ಇದೇ ಜಾಗದಲ್ಲಿ.

ಎದ್ದು ಐಹೊಳೆಯ ಫಲಕಗಳತ್ತ ಒಂದು ಸುತ್ತು ಹಾಕಿ. ಹುಚ್ಚಪ್ಪಯ್ಯ ಗುಡಿಯ ಛಾವಣಿಯಿಂದ ಬಂದವು. ಕನ್ನಡಿಗರಿಗೆ ಈ ವಿದ್ಯೆ ಹೊಸದೇನಲ್ಲ. ಅದೇ ಐಹೊಳೆಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆದ ಪ್ರಶಸ್ತಿಯನ್ನು ಓದುವಾಗ ಪುಲಕೇಶಿ ಹರ್ಷನನ್ನು ತಡೆದದ್ದನ್ನು ಒಪ್ಪುತ್ತೇವೆ, ಯಾಕೆಂದರೆ ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗನ ಮಾತೂ ಅದಕ್ಕೆ ಹೊಂದುತ್ತದೆ. ಉಳಿದ ಬಣ್ಣನೆಯನ್ನು ಬಣ್ಣನೆ ಎಂದೇ ಓದುತ್ತೇವೆ. ಪಲ್ಲವರು ಬಾದಾಮಿ ಹಿಡಿದದ್ದಕ್ಕೆ ಪುಲಕೇಶಿಯ ಶಾಸನ ಹುಡುಕುವುದಿಲ್ಲ, ಬಾದಾಮಿಯ ಬಂಡೆಯ ಮೇಲೆ ನರಸಿಂಹವರ್ಮನ ಹೆಸರಿನಲ್ಲಿ ಉಳಿದಿರುವ ಬರಹ ನೋಡುತ್ತೇವೆ. ಸತ್ಯವೇದದ ಅರಸುಗಳಿಗೂ ಸನ್ಹೇರೀಬನ ಪಟ್ಟಕಕ್ಕೂ ಅಳತೆ ಒಂದೇ ಇರಬೇಕು.

ಕ್ರಿ.ಪೂ. 9ನೇ ಶತಮಾನದಿಂದ ಹಿಂದಕ್ಕೆ ಹೋದಷ್ಟೂ ಹಾಳೆಯ ಮೂರನೇ ಕಾಲಂ ಖಾಲಿಯಾಗುತ್ತದೆ. ದಾವೀದನ ಮಗ ಸೊಲೊಮೋನನ ಹೆಸರು ಅವನ ಕಾಲದ ಯಾವ ಹೊರಗಿನ ಬರಹದಲ್ಲೂ ಇಲ್ಲ. ಇಸ್ರಾಯೇಲ್ ಎಂಬ ಹೆಸರು ಮೊದಲು ಸಿಗುವುದು ಈಜಿಪ್ಟಿನ ಮೆರ್ನೆಪ್ತಾನ ಶಾಸನದಲ್ಲಿ, ಕ್ರಿ.ಪೂ. 1208ರ ಆಸುಪಾಸು, ಅಲ್ಲಿ ಅದು ಆಗಲೇ ಕಾನಾನ್ ಕಡೆಯ ಒಂದು ಜನ. ಯೆಹೋಶುವನ ಜನ ತುತ್ತೂರಿ ಊದಿದಾಗ ಗೋಡೆ ಬಿತ್ತು ಎಂದು ಬೈಬಲ್ ಹೇಳುವ ಯೆರಿಕೋದಲ್ಲಿ 1952ರಿಂದ 1958ರವರೆಗೆ ಅಗೆದ ಕ್ಯಾತ್ಲೀನ್ ಕೆನ್ಯನ್ ಊರು ಸುಟ್ಟು ಬಿದ್ದದ್ದು ಕ್ರಿ.ಪೂ. 1550ರ ಸುಮಾರಿಗೆ ಎಂದು ತೀರ್ಮಾನಿಸಿದರು. ಯೆಹೋಶುವ ಬರಬೇಕಾದ ಹೊತ್ತಿಗೆ ತುತ್ತೂರಿಗೆ ಬೀಳಲು ಗೋಡೆಯೇ ಇರಲಿಲ್ಲ. ಯೆಹೋಶುವ ಗೆದ್ದ ಇನ್ನೊಂದು ಊರಾದ ಆಯಿ ಎಂದು ಗುರುತಿಸುವ ದಿಬ್ಬ ಇನ್ನೂ ಕಷ್ಟ, ಅದು ಆಗ ಸಾವಿರ ವರ್ಷದಿಂದ ಪಾಳು ಬಿದ್ದಿತ್ತು. ಮೋಶೆಯ ಜೊತೆ ಈಜಿಪ್ಟಿನಿಂದ ಹೊರಟವರು 6,03,550 ಗಂಡಸರು ಅಂದರೆ ಹೆಂಗಸರು ಮಕ್ಕಳು ಸೇರಿ ಇಪ್ಪತ್ತು ಲಕ್ಷ ಮೀರುತ್ತದೆ. ಅಷ್ಟು ಜನ ನಲವತ್ತು ವರ್ಷ ಸೀನಾಯಿ ಮರಳಿನಲ್ಲಿ ಇದ್ದದ್ದಕ್ಕೆ ಒಂದು ಒಲೆಯ ಗುರುತೂ ಸಿಕ್ಕಿಲ್ಲ. ಅಬ್ರಹಾಮನ ಸೇವಕ ಹತ್ತು ಒಂಟೆ ತೆಗೆದುಕೊಂಡು ಹೋದ ಎಂದು ಆದಿಕಾಂಡ 24ರಲ್ಲಿದೆ. ಅರಾಬಾ ಕಣಿವೆಯ ತಾಮ್ರದ ಗಣಿಗಳಲ್ಲಿ ಸಿಕ್ಕ ಮೂಳೆಗಳ ಮೇಲೆ ಟೆಲ್ ಅವೀವ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನ, ಸಾಕಿದ ಒಂಟೆ ಅಲ್ಲಿ ಕಾಣಿಸಿಕೊಳ್ಳುವುದು ಕ್ರಿ.ಪೂ. 10ನೇ ಶತಮಾನದ ಕೊನೆಯ ಭಾಗದಲ್ಲಿ ಎನ್ನುತ್ತದೆ. ಬರೆದವರು ತಮ್ಮ ಕಾಲದ ಸಾಮಾನನ್ನು ಹಳೆಯ ಕಥೆಗೆ ಹೇರಿದ್ದಾರೆ. ಈ ಭಾಗಕ್ಕೆ ಮ್ಯೂಸಿಯಂನಲ್ಲಿ ತೋರಿಸಲು ಏನೂ ಇಲ್ಲ, ಮನೆಯಲ್ಲೇ ಓದಿಕೊಳ್ಳಬೇಕು.

ಕೊನೆಯ ಸಂಖ್ಯೆ 90920, ಕೋರೆಷನ ಮಣ್ಣಿನ ಉರುಳೆ. ಅದು 2013ರ ಡಿಸೆಂಬರಿನಿಂದ 2014ರ ಫೆಬ್ರವರಿವರೆಗೆ ಇದೇ ಮ್ಯೂಸಿಯಂಗೆ ಬಂದಿತ್ತು. ಆಗ ನೋಡದವರಿಗೆ ಈಗ ಫೋನಿನ ಚಿತ್ರವೇ ಗತಿ. ಯೆಹೂದ್ಯರು ಯೆರೂಸಲೇಮಿಗೆ ಮರಳಿ ಗುಡಿ ಕಟ್ಟಲಿ ಎಂಬ, ಬೈಬಲ್ಲಿನ ಎಜ್ರನ ಪುಸ್ತಕದ ಮೊದಲ ಅಧ್ಯಾಯದ ಅಪ್ಪಣೆ ಇದೇ ಎಂದು ಹೇಳುವುದು ರೂಢಿ. ಉರುಳೆಯಲ್ಲಿ ಯೆಹೂದ್ಯರೂ ಇಲ್ಲ, ಯೆರೂಸಲೇಮೂ ಇಲ್ಲ. ಮೆಸೊಪೊಟೇಮಿಯಾದ ಊರುಗಳ ದೇವರನ್ನು ಅವರವರ ಗುಡಿಗೆ ಮರಳಿಸಿದ ಮಾತಿದೆ. ಅಂಥದೇ ನೀತಿ ಯೆಹೂದ್ಯರಿಗೂ ಅನ್ವಯಿಸಿರಬಹುದು ಎನ್ನಬಹುದು, ಅಷ್ಟೇ. ದಾನಿಯೇಲನ ಪುಸ್ತಕದಲ್ಲಿ ಬೇಲ್ಶಚ್ಚರ ನೆಬೂಕದ್ನೆಚ್ಚರನ ಮಗ, ಬಾಬಿಲೋನಿನ ಅರಸ. ಬಾಬಿಲೋನಿನ ದಾಖಲೆಯಲ್ಲಿ ಅವನು ನಬೊನಿಡಸನ ಮಗ, ಅಪ್ಪ ಇಲ್ಲದಾಗ ಆಡಳಿತ ನೋಡಿದವನು, ಪಟ್ಟ ಆದವನಲ್ಲ.

ಯೇಸುವಿನ ಕಾಲಕ್ಕೆ ಈ ಕಲ್ಲುಗಳಿಂದ ಪ್ರಯೋಜನವಿಲ್ಲ. ಮತ್ತಾಯನ ಕಥೆಯ ಅರಸ ಹೆರೋದ ಕ್ರಿ.ಪೂ. 4ರಲ್ಲಿ ಸತ್ತ, ಲೂಕನ ಕಥೆಯ ಕುರೇನ್ಯನ ಖಾನೇಷುಮಾರಿ ನಡೆದದ್ದು ಕ್ರಿ.ಶ. 6ರಲ್ಲಿ, ಮತ್ತಾಯ ಮತ್ತು ಲೂಕ ಇಬ್ಬರ ಜನನ ಕಥೆಗಳನ್ನು ಒಂದೇ ವರ್ಷದಲ್ಲಿ ಕೂರಿಸಲು ಆಗುವುದಿಲ್ಲ ಅನ್ನುವಷ್ಟು ತಿಳಿದು ಮುಂದೆ ಹೋಗಬಹುದು.

ಒಂದು ಅಂಕ ಕಡಿಮೆ ಮಾಡಿದ್ದು ಯಾಕೆಂದರೆ ಇಷ್ಟರಲ್ಲಿ ಮುಕ್ಕಾಲು ಪಾಲು ಕೆಲಸ ನೀವು ತಂದ ಹಾಳೆ ಮತ್ತು ಫೋನಿನದು. ಎದುರಿಗಿರುವ ಕಲ್ಲು ಕೊಡುವುದು ಅಳತೆ, ಕೈಚಳಕ ಮತ್ತು ಆ ಅರಸರ ಜಂಬದ ಪರಿಚಯ. ಕಥೆ ಕೇಳಿ ಬೆಳೆದ ಭಾನುವಾರ ಶಾಲೆಯ ಹತ್ತನೇ ತರಗತಿ ಮೇಲಿನ ಮಕ್ಕಳಿಗೆ, ಅವರ ಟೀಚರಮ್ಮಂದಿರಿಗೆ, ವಾದಕ್ಕೆ ಇಳಿಯುವ ನಾಸ್ತಿಕ ಗೆಳೆಯರಿಗೆ ಒಳ್ಳೆಯದು. ಸಣ್ಣ ಮಕ್ಕಳಿಗೆ ಬೇಸರ. ಐದಾರು ಜನಕ್ಕಿಂತ ಹೆಚ್ಚು ಬೇಡ, ಫೋನಿನ ಚಿತ್ರ ಹಂಚಿಕೊಂಡು ನೋಡಲು ಆಗುವುದಿಲ್ಲ. ವಾರದ ನಡುವೆ ಶಾಲಾ ಪ್ರವಾಸಗಳ ಗದ್ದಲ ಇರುತ್ತದೆ, ಬಾಗಿಲು ತೆರೆದ ಮೊದಲ ಗಂಟೆಯಲ್ಲೇ ಈ ಹಲಗೆಗಳನ್ನು ಮುಗಿಸಿಕೊಂಡು ಓದುವ ಕೆಲಸವನ್ನು ಆಮೇಲೆ ಇಟ್ಟುಕೊಳ್ಳಿ.

ಸಮಯ ಉಳಿದರೆ ನಡೆದು ಹೋಗುವಷ್ಟು ದೂರದಲ್ಲಿ 1884ರಲ್ಲಿ ಕಟ್ಟಿದ ಕೆನೆಸೆತ್ ಎಲಿಯಾಹು ಯೆಹೂದಿ ಮಂದಿರ ಇದೆ. ಗುರುತಿನ ಚೀಟಿ ಜೊತೆಗಿರಲಿ, ಶನಿವಾರ ಯೆಹೂದ್ಯರ ವಿಶ್ರಾಂತಿಯ ದಿನ ಸಬ್ಬತ್, ಆ ದಿನ ಬೇಡ. ಅದನ್ನು ಕಟ್ಟಿಸಿದ್ದು ಬಾಗ್ದಾದಿ ಸಸೂನ್ ಮನೆತನದವರು. ಅವರಿಗಿಂತ ಎಷ್ಟೋ ಮೊದಲು ಕೊಂಕಣ ಕರಾವಳಿಯಲ್ಲಿ ನೆಲೆಸಿದ ಬೆನೆ ಇಸ್ರಾಯೇಲ್ ಎಂಬ ಯೆಹೂದ್ಯರಿಗೆ ತಮ್ಮದೇ ಮೂಲಕಥೆ ಇದೆ: ಅಲಿಬಾಗ್ ಹತ್ತಿರದ ನವಗಾಂವ್‌ನಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಬದುಕಿ ದಡ ಸೇರಿದರಂತೆ. ಹಾಳೆಯಲ್ಲಿ ಇನ್ನೊಂದು ಸಾಲಿಗೆ ಜಾಗ ಇದ್ದರೆ ಅದನ್ನೂ ಅದೇ ಮೂರು ಕಾಲಂನಲ್ಲಿ ಬರೆದು ನೋಡಿ.